ಮೀಟರ್ ಹೇಳಿದ್ದು ತೀರ್ಪಲ್ಲ

ಟಿವಿ, ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ಎಲ್‌ಇಡಿ ದೀಪ, ಯಾವುದು ಕೆಟ್ಟು ರಿಪೇರಿಗೆ ಬಂದರೂ ನಮ್ಮ ಅಂಗಡಿಗಳಲ್ಲಿ ಮೊದಲು ನಡೆಯುವ ಶಾಸ್ತ್ರ ಒಂದೇ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಎರಡು ಕಾಲುಗಳಿಗೆ ಮಲ್ಟಿಮೀಟರ್‌ನ ಪ್ರೋಬ್ ಹಿಡಿಯುತ್ತಾರೆ. ಹಳೆಯ ಮುಳ್ಳಿನ ಮೀಟರ್ ಆದರೆ ಮುಳ್ಳು ಒಮ್ಮೆ ಜಿಗಿದು ನಿಧಾನವಾಗಿ ಹಿಂದಕ್ಕೆ ಬಂದರೆ ಸಾಕು. ಡಿಜಿಟಲ್ ಮೀಟರ್ ಆದರೆ ಕೆಪಾಸಿಟರ್‌ನ ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗೆ ಹತ್ತಿರದ ಅಂಕಿ ಮೂಡಿದರೆ ಸಾಕು. 'ಇದು ಸರಿಯಿದೆ, ಬೇರೆ ಕಡೆ ನೋಡೋಣ' ಎಂಬ ತೀರ್ಪು ಹೊರಬೀಳುತ್ತದೆ. ರಿಪೇರಿ ಕಲಿಸುವ ತರಗತಿಗಳಲ್ಲಿ ಹೇಳಿಕೊಡುವುದು ಇದನ್ನೇ, ಯೂಟ್ಯೂಬ್ ವಿಡಿಯೋಗಳಲ್ಲಿ ತೋರಿಸುವುದೂ ಇದನ್ನೇ.

ಈ ತೀರ್ಪು ತಪ್ಪು. ಅಪರೂಪಕ್ಕೆ ಎಡವುವ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಇಂದಿನ ಉಪಕರಣಗಳಲ್ಲಿ ಕೆಪಾಸಿಟರ್‌ಗಳು ಯಾವ ರೀತಿಯಲ್ಲಿ ಹೆಚ್ಚಾಗಿ ಕೆಡುತ್ತವೆಯೋ ಆ ರೀತಿಯನ್ನೇ ಕಾಣಲಾಗದ ತಪ್ಪು ಇದು. ಬೋರ್ಡಿನಿಂದ ಹೊರತೆಗೆದ ಕೆಪಾಸಿಟರ್‌ನ ಬಗ್ಗೆ ಮಲ್ಟಿಮೀಟರ್ 'ಕೆಟ್ಟಿದೆ' ಎಂದರೆ ನಂಬಬಹುದು. 'ಸರಿಯಿದೆ' ಎಂದರೆ ನಂಬಬಾರದು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನಾವು ಎಷ್ಟೋ ಒಳ್ಳೆಯ ಬೋರ್ಡುಗಳನ್ನು ಗುಜರಿಗೆ ಹಾಕುತ್ತಿದ್ದೇವೆ, ಎಷ್ಟೋ ಗಿರಾಕಿಗಳ ಜೇಬಿಗೆ ಕತ್ತರಿ ಹಾಕುತ್ತಿದ್ದೇವೆ.

ಮೊದಲು ಕೆಪಾಸಿಟರ್ ತಯಾರಿಸುವವರು ಏನು ಹೇಳುತ್ತಾರೆ ನೋಡೋಣ. ಯಾವುದೇ ಒಳ್ಳೆಯ ಕಂಪನಿಯ ಡೇಟಾಶೀಟ್ ತೆರೆದು 'ಆಯುಷ್ಯ' ಎಂಬ ಭಾಗವನ್ನು ಓದಿ. 105 ಡಿಗ್ರಿ ಶಾಖದಲ್ಲಿ 2000 ಗಂಟೆ ದುಡಿದ ಮೇಲೂ ಕೆಪಾಸಿಟರ್ ಮೂರು ಷರತ್ತುಗಳನ್ನು ಪೂರೈಸಬೇಕು ಎಂದು ಅಲ್ಲಿ ಬರೆದಿರುತ್ತದೆ. ಧಾರಣ ಸಾಮರ್ಥ್ಯ ಆರಂಭದ ಬೆಲೆಗಿಂತ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚು ಬದಲಾಗಿರಬಾರದು. ಒಳಗಿನ ನಷ್ಟ ನಿಗದಿತ ಮಿತಿಯ ಎರಡು ಪಟ್ಟು ಮೀರಬಾರದು. ಸೋರಿಕೆಯ ಕರೆಂಟ್ ಮೊದಲು ಹೇಳಿದ ಮಿತಿಯೊಳಗೇ ಇರಬೇಕು. ಸಾಮರ್ಥ್ಯ, ನಷ್ಟ, ಸೋರಿಕೆ: ಈ ಮೂರರಲ್ಲಿ ಒಂದು ತಪ್ಪಿದರೂ ಆ ಕೆಪಾಸಿಟರ್‌ನ ಆಯುಷ್ಯ ಮುಗಿದಂತೆ ಎನ್ನುವುದು ಅದನ್ನು ತಯಾರಿಸಿದವರ ಮಾತು. ಮಲ್ಟಿಮೀಟರ್ ಅಳೆಯುವುದು ಮೂರರಲ್ಲಿ ಒಂದನ್ನು ಮಾತ್ರ. ಮೂರು ವಿಷಯಗಳ ಪರೀಕ್ಷೆಯಲ್ಲಿ ಒಂದೇ ಪತ್ರಿಕೆ ನೋಡಿ ಪಾಸು ಮಾಡುವ ಪದ್ಧತಿಗೆ ನಾವು 'ಚೆಕ್ ಮಾಡುವುದು' ಎಂದು ಹೆಸರಿಟ್ಟಿದ್ದೇವೆ.

ನಷ್ಟದ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿ ಇರುತ್ತದೆ. ಧನ ಹಾಳೆಯ ಮೇಲೆ ಬೆಳೆಸಿದ ಅತಿ ತೆಳುವಾದ ಆಕ್ಸೈಡ್ ಪದರವೇ ನಿರೋಧಕ. ಅದರ ಆಚೆ ಇರುವ ನಿಜವಾದ ಋಣ ಧ್ರುವ ಎರಡನೆಯ ಹಾಳೆಯಲ್ಲ. ಕಾಗದದಲ್ಲಿ ಹೀರಿಕೊಂಡಿರುವ ಎಲೆಕ್ಟ್ರೋಲೈಟ್ ದ್ರವ. ವರ್ಷಗಳ ಶಾಖಕ್ಕೆ ಈ ದ್ರವ ತಳದ ರಬ್ಬರ್ ಮುಚ್ಚಳದ ಮೂಲಕ ಆವಿಯಾಗುತ್ತಾ ಹೋಗುತ್ತದೆ. ದ್ರವ ಆರಿದಷ್ಟೂ ಕರೆಂಟ್ ಒಳಗೆ-ಹೊರಗೆ ಓಡಾಡುವ ದಾರಿಯಲ್ಲಿ ತಡೆ ಏರುತ್ತದೆ. ಸಮಾನ ಸರಣಿ ರೋಧ ಎಂದರೆ ಇದೇ. ಕೆಲಸಗಾರರ ಬಾಯಲ್ಲಿ ಇಎಸ್‌ಆರ್. ಬೋರ್‌ವೆಲ್ ಗಡಸು ನೀರಿನ ಊರುಗಳಲ್ಲಿ ಮನೆಯ ಮೇಲಿನ ಟ್ಯಾಂಕ್ ತುಂಬಿದ್ದರೂ ಪೈಪಿನೊಳಗೆ ಉಪ್ಪು ಕಟ್ಟಿಕೊಂಡು ನಲ್ಲಿಯಲ್ಲಿ ನೀರು ದಾರದಂತೆ ಬರುತ್ತದಲ್ಲ, ಕೆಪಾಸಿಟರ್‌ನ ಸ್ಥಿತಿಯೂ ಹಾಗೆಯೇ. ಮಲ್ಟಿಮೀಟರ್ ಟ್ಯಾಂಕ್‌ನ ಅಳತೆ ಹೇಳುತ್ತದೆ, ಪೈಪಿನದ್ದನ್ನಲ್ಲ.

ಅದಕ್ಕೆ ಪೈಪು ಏಕೆ ಕಾಣುವುದಿಲ್ಲ? ಡಿಜಿಟಲ್ ಮೀಟರ್ ಕೆಪಾಸಿಟರ್‌ಗೆ ಅಲ್ಪ ಕರೆಂಟ್ ಹರಿಸಿ, ವೋಲ್ಟೇಜ್ ಎಷ್ಟು ಹೊತ್ತಿನಲ್ಲಿ ಎಷ್ಟು ಏರಿತು ಎಂದು ಲೆಕ್ಕ ಹಾಕುತ್ತದೆ. ಒಂದು ಮಿಲಿಆಂಪಿಯರ್ ಹರಿಸಿದರೆ 9 ಓಮ್ ಇಎಸ್‌ಆರ್‌ನಲ್ಲಿ ಬೀಳುವುದು 9 ಮಿಲಿವೋಲ್ಟ್. ಅಷ್ಟರಿಂದ ಲೆಕ್ಕ ಬದಲಾಗುವುದಿಲ್ಲ. ಮುಳ್ಳಿನ ಮೀಟರ್‌ನ ಸ್ಥಿತಿ ಇನ್ನೂ ಕಷ್ಟ. ಅದರ ಸಾವಿರ ಪಟ್ಟು ಓಮ್ ರೇಂಜಿನಲ್ಲಿ ಮೀಟರ್‌ನ ಒಳ ರೋಧವೇ ಸುಮಾರು 20 ಕಿಲೋಓಮ್. ಇಪ್ಪತ್ತು ಸಾವಿರ ಓಮ್‌ನ ಜೊತೆಗೆ 9 ಓಮ್ ಸೇರಿದರೆ ಮುಳ್ಳಿಗೆ ಏನು ತಿಳಿಯಬೇಕು? ಮುಳ್ಳು ಎಂದಿನಂತೆ ಜಿಗಿಯುತ್ತದೆ, ಎಂದಿನಂತೆ ಮರಳುತ್ತದೆ.

ಆದರೆ ಆ 9 ಓಮ್ ಬೋರ್ಡಿನ ಮೇಲೆ ಮಾಡುವ ಅನಾಹುತ ನೋಡಿ. ಬೆಂಚಿನ ಮೇಲೆ ಪದೇಪದೇ ಕಾಣುವ ಒಂದು ದೋಷವನ್ನೇ ತೆಗೆದುಕೊಳ್ಳುತ್ತೇನೆ. ಯುಸಿ3842 ಐಸಿ ಇರುವ ಪವರ್ ಸಪ್ಲೈ. ಹೀಟ್‌ಸಿಂಕ್‌ಗೆ ಅಂಟಿಕೊಂಡಂತೆ 47 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಪುಟ್ಟ ಕೆಪಾಸಿಟರ್. ಐಸಿಗೆ ಮೊದಲ ಉಸಿರು ಕೊಡುವ ಸ್ಟಾರ್ಟಿಂಗ್ ಕೆಪಾಸಿಟರ್ ಅದೇ. ದೊಡ್ಡ ಬೆಲೆಯ ರೆಸಿಸ್ಟರ್ ಮೂಲಕ ಅದು ನಿಧಾನವಾಗಿ ಚಾರ್ಜ್ ಆಗಿ 16 ವೋಲ್ಟ್ ತಲುಪಿದಾಗ ಐಸಿ ಎಚ್ಚರಗೊಳ್ಳುತ್ತದೆ. 10 ವೋಲ್ಟ್‌ಗಿಂತ ಕೆಳಗಿಳಿದರೆ ಮತ್ತೆ ಮಲಗುತ್ತದೆ. ಎಚ್ಚರಗೊಂಡ ಐಸಿ ಮಾಸ್ಫೆಟ್‌ನ ಗೇಟಿಗೆ ಕ್ಷಣಮಾತ್ರದ ದೊಡ್ಡ ಕರೆಂಟ್ ಕೊಡಬೇಕು. ಅದು ಮುಕ್ಕಾಲು ಆಂಪಿಯರ್ ಎಂದಿಟ್ಟುಕೊಳ್ಳಿ. ಹೊಸ ಕೆಪಾಸಿಟರ್‌ನಲ್ಲಿ ಇಎಸ್‌ಆರ್ ಒಂದು ಓಮ್‌ಗಿಂತ ಕಡಿಮೆ ಇರುವುದರಿಂದ ವೋಲ್ಟೇಜ್ ಅಲುಗುವುದು ಅಲ್ಪ. 9 ಓಮ್ ಆಗಿದ್ದರೆ ಒಳಗೇ 6.75 ವೋಲ್ಟ್ ನುಂಗಿಹೋಗುತ್ತದೆ. 16ರಲ್ಲಿ 6.75 ಕಳೆದರೆ 9.25, ಐಸಿ ಮಲಗಿತು. ಮತ್ತೆ ಚಾರ್ಜ್, ಮತ್ತೆ ಎಚ್ಚರ, ಮತ್ತೆ ನಿದ್ದೆ. ಸಪ್ಲೈ ಟಿಕ್ ಟಿಕ್ ಎನ್ನುತ್ತಾ ಕೂರುತ್ತದೆ.

ಈಗ ಆ ಕೆಪಾಸಿಟರ್ ಬಿಚ್ಚಿ ಮಲ್ಟಿಮೀಟರ್‌ಗೆ ಕೊಟ್ಟರೆ 41 ಮೈಕ್ರೋಫ್ಯಾರಡ್ ತೋರಿಸಬಹುದು. 47ಕ್ಕೆ ಶೇ. 20ರ ಹೆಚ್ಚು-ಕಡಿಮೆಯಲ್ಲಿ 37.6ರವರೆಗೂ ಸರಿ ಎಂದೇ ಲೆಕ್ಕ. ಹಾಗಾಗಿ ಕೆಪಾಸಿಟರ್ ಪಾಸು. ಮುಂದೆ ಐಸಿ ಬದಲಾಗುತ್ತದೆ, ಮಾಸ್ಫೆಟ್ ಬದಲಾಗುತ್ತದೆ, ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ 'ಬೋರ್ಡೇ ಹೋಗಿದೆ ಸರ್, ಹೊಸದು ತಗೊಳ್ಳಿ' ಎಂಬ ಮಾತು. ಅದೇ ಕೆಪಾಸಿಟರ್‌ನ ಮೇಲೆ ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದು ನೋಡಿದ್ದರೆ ಅನೇಕ ಸಲ ಸಪ್ಲೈ ತಾನಾಗಿಯೇ ಚಾಲೂ ಆಗುತ್ತಿತ್ತು, ಏಕೆಂದರೆ ಬಿಸಿಯಾದ ಎಲೆಕ್ಟ್ರೋಲೈಟ್‌ನ ರೋಧ ಇಳಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಡಿಸೆಂಬರ್ ಬೆಳಿಗ್ಗೆ ಹೊತ್ತದ ಟಿವಿ ಮಧ್ಯಾಹ್ನ ಬಿಸಿಲೇರಿದ ಮೇಲೆ ಹೊತ್ತಿಕೊಂಡರೆ, ಮೊದಲ ಅನುಮಾನ ಹೋಗಬೇಕಾದದ್ದು ಇಂಥ ಕೆಪಾಸಿಟರ್ ಮೇಲೆ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಹೇಗೆ? ಹಿಂದಿನ ತಲೆಮಾರಿನ ಮೆಕ್ಯಾನಿಕ್‌ಗಳು ದಡ್ಡರಾಗಿರಲಿಲ್ಲ. ಅವರು ದುಡಿದದ್ದು ವಾಲ್ವ್ ರೇಡಿಯೋ, ಟ್ರಾನ್ಸ್‌ಫಾರ್ಮರ್ ಸಪ್ಲೈಗಳ ಮೇಲೆ. ಅಲ್ಲಿ ಫಿಲ್ಟರ್ ಕೆಪಾಸಿಟರ್ ಎದುರಿಸುತ್ತಿದ್ದದ್ದು ಸೆಕೆಂಡಿಗೆ 100 ಅಲೆಗಳನ್ನು. ಅದೇ 47 ಮೈಕ್ರೋಫ್ಯಾರಡ್ ಕೆಪಾಸಿಟರ್ 100 ಹರ್ಟ್ಸ್‌ನಲ್ಲಿ ಸಹಜವಾಗಿಯೇ ಸುಮಾರು 34 ಓಮ್ ತಡೆ ಒಡ್ಡುತ್ತದೆ. ಅದಕ್ಕೆ 9 ಓಮ್ ಇಎಸ್‌ಆರ್ ಕೂಡಿದರೆ ಒಟ್ಟು 35 ಓಮ್ ಆಗಬಹುದು. ರೇಡಿಯೋದ ಗುಂಯ್ ಶಬ್ದ ಹೆಚ್ಚಿದ್ದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಆ ಕಾಲದಲ್ಲಿ ಸಾಮರ್ಥ್ಯ ಸರಿಯಿದ್ದರೆ ಕೆಪಾಸಿಟರ್ ಬಹುಮಟ್ಟಿಗೆ ಸರಿ ಎಂಬ ಮಾತು ನಡೆಯುತ್ತಿತ್ತು.

ಇಂದಿನ ಸ್ವಿಚ್ ಮೋಡ್ ಪವರ್ ಸಪ್ಲೈಗಳು, ಅಂದರೆ ಎಸ್‌ಎಂಪಿಎಸ್‌ಗಳು, ಹತ್ತಾರು ಸಾವಿರದಿಂದ ಲಕ್ಷ ಹರ್ಟ್ಸ್‌ನವರೆಗೆ ದುಡಿಯುತ್ತವೆ. ಒಂದು ಲಕ್ಷ ಹರ್ಟ್ಸ್‌ನಲ್ಲಿ 47 ಮೈಕ್ರೋಫ್ಯಾರಡ್‌ನ ಸಹಜ ತಡೆ 0.034 ಓಮ್ ಮಾತ್ರ. ಅಲ್ಲಿ 9 ಓಮ್ ಬಂದು ಕುಳಿತರೆ ತಡೆ 260 ಪಟ್ಟಿಗೂ ಮಿಗಿಲು ಏರಿತು. ಕೆಪಾಸಿಟರ್ ಅದೇ, ಬರೆದ ಬೆಲೆ ಅದೇ, ಮೀಟರ್ ತೋರಿಸುವ ಅಂಕಿಯೂ ಅದೇ. ಬದಲಾದದ್ದು ಅದು ಮಾಡಬೇಕಾದ ಕೆಲಸ. ಕೆಲಸ ಬದಲಾದ ಮೇಲೆ ಪರೀಕ್ಷೆಯೂ ಬದಲಾಗಬೇಕಿತ್ತು. ನಾವು ಬದಲಾಯಿಸಲಿಲ್ಲ.

ಔಟ್‌ಪುಟ್ ಕಡೆಯ ಫಿಲ್ಟರ್‌ನಲ್ಲೂ ಇದೇ ಕಥೆ. 1000 ಮೈಕ್ರೋಫ್ಯಾರಡ್‌ನ ಒಂದು ಒಳ್ಳೆಯ ಕೆಪಾಸಿಟರ್‌ನ ಇಎಸ್‌ಆರ್ 0.03 ಓಮ್ ಇರಲಿ, 2 ಆಂಪಿಯರ್ ಅಲೆ ಕರೆಂಟ್ ಹರಿದರೆ 60 ಮಿಲಿವೋಲ್ಟ್ ಏರಿಳಿತ. ಇಎಸ್‌ಆರ್ ಅರ್ಧ ಓಮ್‌ಗೆ ಏರಿದರೆ ಏರಿಳಿತ ಒಂದು ವೋಲ್ಟ್. ಕಂಪ್ಯೂಟರ್ ಸಪ್ಲೈಗಳ ಎಟಿಎಕ್ಸ್ ಮಾನದಂಡ 5 ವೋಲ್ಟ್ ಲೈನಿನಲ್ಲಿ ಒಪ್ಪುವುದು 50 ಮಿಲಿವೋಲ್ಟ್ ಮಾತ್ರ. ಜೊತೆಗೆ ಆ ಪುಟ್ಟ ಡಬ್ಬಿಯೊಳಗೆ 2 ವಾಟ್ ಶಾಖ ಹುಟ್ಟುತ್ತದೆ. ಶಾಖಕ್ಕೆ ದ್ರವ ಇನ್ನಷ್ಟು ಆರುತ್ತದೆ, ಆರಿದ್ದಕ್ಕೆ ಇಎಸ್‌ಆರ್ ಇನ್ನಷ್ಟು ಏರುತ್ತದೆ. ಇಷ್ಟೆಲ್ಲ ಆಗುವಾಗಲೂ ಮಲ್ಟಿಮೀಟರ್‌ನ ಡಿಸಿ ರೇಂಜ್ ಸರಾಸರಿ ತೋರಿಸುತ್ತಾ 5 ವೋಲ್ಟ್ ಸರಿಯಿದೆ ಎನ್ನಬಹುದು. ಅಗ್ಗದ ಮೀಟರ್‌ಗಳ ಎಸಿ ರೇಂಜ್ ಕೆಲವು ನೂರು ಹರ್ಟ್ಸ್ ದಾಟಿದ ಅಲೆಯನ್ನು ಸರಿಯಾಗಿ ಅಳೆಯಲಾರದು. ಅದರ ಕಣ್ಣಿಗೆ ಈ ಏರಿಳಿತ ಇಲ್ಲವೇ ಇಲ್ಲ.

ಮೂರನೆಯ ಪತ್ರಿಕೆ ಸೋರಿಕೆ. ಆಕ್ಸೈಡ್ ಪದರದ ದಪ್ಪ ಒಂದು ವೋಲ್ಟ್‌ಗೆ ಒಂದೂವರೆ ನ್ಯಾನೋಮೀಟರ್‌ನ ಆಸುಪಾಸು. 400 ವೋಲ್ಟ್‌ನ ಕೆಪಾಸಿಟರ್‌ನಲ್ಲೂ ಅದು ಒಂದು ಮೈಕ್ರೋಮೀಟರ್ ದಾಟುವುದಿಲ್ಲ. ಅದರಲ್ಲಿ ಹುಟ್ಟಿದ ದುರ್ಬಲ ಜಾಗ ಬಾಯಿ ಬಿಡುವುದು ತಕ್ಕ ವೋಲ್ಟೇಜ್ ಬಿದ್ದಾಗ. ಡಿಜಿಟಲ್ ಮೀಟರ್ ಹಾಕುವುದು ಒಂದೆರಡು ವೋಲ್ಟ್, ಮುಳ್ಳಿನ ಮೀಟರ್ ಹತ್ತು ಸಾವಿರ ಪಟ್ಟು ರೇಂಜಿನಲ್ಲೂ ಹತ್ತು-ಹನ್ನೆರಡು ವೋಲ್ಟ್. 325 ವೋಲ್ಟ್ ಹೊರಬೇಕಾದ ಕೆಪಾಸಿಟರ್ ಆ ಪರೀಕ್ಷೆಯಲ್ಲಿ ಪಾಸಾದರೆ ಅದಕ್ಕೆ ಏನು ಬೆಲೆ? ಇನ್ನೊಂದು ಅಪಾಯವೂ ಇದೆ. ಕಡಿಮೆ ವೋಲ್ಟೇಜ್‌ನಲ್ಲೇ ಸೋರುವಷ್ಟು ಹಾಳಾದ ಕೆಪಾಸಿಟರ್‌ಗೆ ಮೀಟರ್ ಕೊಟ್ಟ ಕರೆಂಟಿನ ಒಂದು ಪಾಲು ಸೋರಿಹೋಗುವುದರಿಂದ ವೋಲ್ಟೇಜ್ ನಿಧಾನವಾಗಿ ಏರುತ್ತದೆ. ಮೀಟರ್ ಅದನ್ನು ಹೆಚ್ಚಿನ ಸಾಮರ್ಥ್ಯವೆಂದು ಓದುತ್ತದೆ. 100 ಎಂದು ಬರೆದದ್ದು 160 ತೋರಿಸಿದಾಗ 'ಒಳ್ಳೆ ಮಾಲು' ಎಂದು ಮೆಚ್ಚುವವರಿದ್ದಾರೆ. ಅದು ಮೆಚ್ಚುವ ಲಕ್ಷಣವಲ್ಲ, ಕಿತ್ತುಹಾಕುವ ಲಕ್ಷಣ.

ಈ ವಾದಕ್ಕೆ ಬರುವ ಮರುಮಾತುಗಳು ನನಗೆ ಗೊತ್ತು. 'ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದೀವಿ, ಕೆಲಸ ಆಗಿದೆ' ಎನ್ನುತ್ತಾರೆ. ಆದ ಕೆಲಸ ನೆನಪಿರುತ್ತದೆ. ಆಗದೆ ವಾಪಸ್ ಹೋದ ಬೋರ್ಡುಗಳ ಲೆಕ್ಕ ಯಾರೂ ಇಡುವುದಿಲ್ಲ.

'ಕೆಟ್ಟರೆ ತಲೆ ಊದಿಕೊಳ್ಳುತ್ತೆ, ನೋಡಿದರೇ ಗೊತ್ತಾಗುತ್ತೆ' ಎನ್ನುತ್ತಾರೆ. ಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಮದರ್‌ಬೋರ್ಡುಗಳ ಕೆಪಾಸಿಟರ್‌ಗಳು ಎಲೆಕ್ಟ್ರೋಲೈಟ್‌ನ ದೋಷದಿಂದ ಊದಿ, ಸೀಳಿ, ಸೋರಿದವು. ಡೆಲ್ ಕಂಪನಿ 2005ರಲ್ಲಿ ಇದಕ್ಕಾಗಿಯೇ 30 ಕೋಟಿ ಡಾಲರ್ ವೆಚ್ಚ ತೋರಿಸಬೇಕಾಯಿತು. ಊದಿದ ತಲೆಯ ಚಿತ್ರ ಆ ಕಾಲದಿಂದ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಊದಿದ್ದು ಕೆಟ್ಟಿದೆ ಎಂಬುದು ನಿಜವಾದ ಮಾತ್ರಕ್ಕೆ ಊದದ್ದು ಸರಿಯಿದೆ ಎಂದಾಗುವುದಿಲ್ಲ. ಮೊದಲೇ ಹೇಳಿದ ಸ್ಟಾರ್ಟಿಂಗ್ ಕೆಪಾಸಿಟರ್‌ನಂಥ ಸಣ್ಣವು ಸದ್ದಿಲ್ಲದೆ ಆರಿಹೋಗುತ್ತವೆ. ಹೊರಗಿನಿಂದ ನಿನ್ನೆ ತಂದಂತೆ ಹೊಳೆಯುತ್ತಿರುತ್ತವೆ.

'ಐದು ರೂಪಾಯಿಯ ಸಾಮಾನು, ಅನುಮಾನ ಬಂದರೆ ಬದಲಿಸಿದರಾಯಿತು' ಎಂಬುದು ಹೆಚ್ಚು ಗಟ್ಟಿಯಾದ ಮಾತು, ಅರ್ಧ ಒಪ್ಪುತ್ತೇನೆ. ಆದರೆ ಮೀಟರ್ ಸರಿಯಿದೆ ಎಂದ ಮೇಲೆ ಅನುಮಾನ ಬರುವುದಾದರೂ ಹೇಗೆ? ಮೀಟರ್ ಕೊಡುವ ಸುಳ್ಳು ಸಮಾಧಾನ ಮೊದಲು ಕೊಲ್ಲುವುದು ಅನುಮಾನವನ್ನೇ. ಜೊತೆಗೆ, ಹಾಕುವ ಹೊಸದು ಒಳ್ಳೆಯದೇ ಎಂಬುದಕ್ಕೆ ಏನು ಆಧಾರ? ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಮಾಲು, ಕಡಿಮೆ ಇಎಸ್‌ಆರ್ ಎಂದು ಸುಳ್ಳು ಮುದ್ರೆ ಹೊತ್ತ ಸಾದಾ ಮಾಲು, ಇವೆಲ್ಲ ಮಲ್ಟಿಮೀಟರ್‌ನ ಮುಂದೆ ಸಾಲಾಗಿ ಪಾಸಾಗುತ್ತವೆ.

ಮಲ್ಟಿಮೀಟರ್ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ಶಾರ್ಟ್ ಆದದ್ದು, ಒಳಗೆ ತುಂಡಾದದ್ದು, ಸಾಮರ್ಥ್ಯ ಅರ್ಧಕ್ಕಿಳಿದದ್ದು, ಇವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಾಗಲಿ, ಪಂಪಿನ ರನ್ನಿಂಗ್ ಕೆಪಾಸಿಟರ್‌ಗಾಗಲಿ ಅದರ ಅಳತೆ ಬಹುಪಾಲು ಸಾಕು. ಅವು ಪ್ಲಾಸ್ಟಿಕ್ ಫಿಲ್ಮ್‌ನವು, ಅವುಗಳೊಳಗೆ ಆರುವ ದ್ರವವಿಲ್ಲ, ಸಾಮರ್ಥ್ಯ ಇಳಿಯುವುದೇ ಅವುಗಳ ಮುಖ್ಯ ರೋಗ. ಫ್ಯಾನಿನ ಮೇಲೆ ಸರಿಹೋದ ಪರೀಕ್ಷೆಯನ್ನು ಎಸ್‌ಎಂಪಿಎಸ್ ಬೋರ್ಡಿನ ಮೇಲೆ ಹೇರುವುದಕ್ಕೆ ಮಾತ್ರ ನನ್ನ ತಕರಾರು.

ಮಾಡಬೇಕಾದ್ದು ಕಷ್ಟದ್ದಲ್ಲ. ಮೊದಲು ಸುರಕ್ಷತೆ. 230 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ ಪ್ರೈಮರಿ ಕೆಪಾಸಿಟರ್‌ನಲ್ಲಿ 325 ವೋಲ್ಟ್ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಇರಬಹುದು. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಬೇಡಿ. ಕೆಲವು ಕಿಲೋಓಮ್‌ನ, ಐದು ವಾಟ್‌ನ ರೆಸಿಸ್ಟರ್‌ನಿಂದ ಡಿಸ್‌ಚಾರ್ಜ್ ಮಾಡಿ, ಮಲ್ಟಿಮೀಟರ್‌ನ ಡಿಸಿ ರೇಂಜಿನಲ್ಲಿ ಸೊನ್ನೆಯಾಗಿದೆಯೇ ನೋಡಿ.

ನಂತರ ಇಎಸ್‌ಆರ್ ಮೀಟರ್ ಹಿಡಿಯಿರಿ. ಅದು ಸುಮಾರು ಒಂದು ಲಕ್ಷ ಹರ್ಟ್ಸ್‌ನ ಅತಿ ಸಣ್ಣ ವೋಲ್ಟೇಜ್‌ನಲ್ಲಿ ಅಳೆಯುವುದರಿಂದ ಬೋರ್ಡಿನ ಡಯೋಡ್, ಟ್ರಾನ್ಸಿಸ್ಟರ್‌ಗಳು ಎಚ್ಚರಗೊಳ್ಳುವುದಿಲ್ಲ. ಕೆಪಾಸಿಟರ್ ಬಿಚ್ಚದೆಯೇ ನೋಡಬಹುದು. ಪಕ್ಕದಲ್ಲಿ ಪ್ಯಾರಲಲ್ ಆಗಿ ಇನ್ನೊಂದು ಒಳ್ಳೆಯ ಕೆಪಾಸಿಟರ್ ಇದ್ದರೆ ಮಾತ್ರ ಒಂದು ಕಾಲು ಬಿಡಿಸಿ ಅಳೆಯಬೇಕು. ಆಸ್ಟ್ರೇಲಿಯಾದ ಬಾಬ್ ಪಾರ್ಕರ್ ರಿಪೇರಿಯವರಿಗಾಗಿಯೇ ರೂಪಿಸಿದ ಇಎಸ್‌ಆರ್ ಮೀಟರ್ ಕಿಟ್ 1990ರ ದಶಕದಲ್ಲೇ ಹೆಸರು ಮಾಡಿತ್ತು. ಇದು ನಿನ್ನೆ ಮೊನ್ನೆಯ ತಿಳಿವಳಿಕೆಯಲ್ಲ. ಇಂದು ಎಟಿಮೆಗಾ328 ಚಿಪ್ ಇರುವ ಪುಟ್ಟ ಕಾಂಪೊನೆಂಟ್ ಟೆಸ್ಟರ್‌ಗಳು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಸಿಗುತ್ತವೆ. ಬಿಚ್ಚಿದ ಕೆಪಾಸಿಟರ್ ಅದಕ್ಕೆ ಸಿಕ್ಕಿಸಿದರೆ ಸಾಮರ್ಥ್ಯ, ಇಎಸ್‌ಆರ್ ಎರಡೂ ಒಟ್ಟಿಗೆ ಕಾಣುತ್ತವೆ. ಚಾರ್ಜ್ ಉಳಿದಿದ್ದರೆ ಚಿಪ್ ಸುಟ್ಟುಹೋಗುತ್ತದೆ, ಅಷ್ಟು ಎಚ್ಚರ ಸಾಕು.

ಸೋರಿಕೆಗೆ ನಿಮ್ಮ ಮಲ್ಟಿಮೀಟರೇ ಸಾಕು, ಆದರೆ ಬೇರೆ ರೀತಿಯಲ್ಲಿ. 100 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಕೆಪಾಸಿಟರ್ ಎಂದುಕೊಳ್ಳಿ. ಧ್ರುವ ತಪ್ಪದಂತೆ 25 ವೋಲ್ಟ್ ಡಿಸಿಗೆ 10 ಕಿಲೋಓಮ್ ರೆಸಿಸ್ಟರ್ ಮೂಲಕ ಜೋಡಿಸಿ, ಎರಡು ನಿಮಿಷ ಬಿಟ್ಟು ಆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. ಈ ಅಳತೆಯ ಕೆಪಾಸಿಟರ್‌ಗೆ ಡೇಟಾಶೀಟ್‌ಗಳು ಸಾಮಾನ್ಯವಾಗಿ ಒಪ್ಪುವ ಸೋರಿಕೆ 25 ಮೈಕ್ರೋಆಂಪಿಯರ್, ಅಂದರೆ ಕಾಲು ವೋಲ್ಟ್. ಅದಕ್ಕಿಂತ ಬಹಳ ಹೆಚ್ಚಿದ್ದು ಇಳಿಯದಿದ್ದರೆ ಆ ಕೆಪಾಸಿಟರ್ ಬೇಡ. ಬಹಳ ದಿನ ಬಿದ್ದಿದ್ದ ಮಾಲಿಗೆ ಇನ್ನಷ್ಟು ಹೊತ್ತು ಕೊಡಿ. ಪದರ ತಾನೇ ಮತ್ತೆ ಕಟ್ಟಿಕೊಂಡು ಸೋರಿಕೆ ಇಳಿಯಬಹುದು.

ಆಯುಷ್ಯದ ಲೆಕ್ಕವೂ ತಲೆಯಲ್ಲಿರಲಿ. ಶಾಖ ಹತ್ತು ಡಿಗ್ರಿ ಇಳಿದರೆ ಆಯುಷ್ಯ ಎರಡು ಪಟ್ಟಾಗುತ್ತದೆ ಎಂಬುದು ತಯಾರಕರು ಒಪ್ಪುವ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. ದಿನವಿಡೀ ಕರೆಂಟಿನಲ್ಲೇ ಇರುವ ಸೆಟ್‌ಟಾಪ್ ಬಾಕ್ಸ್‌ಗೆ ಅದು ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕೈದು ವರ್ಷದ ಸಪ್ಲೈ ಬೆಂಚಿಗೆ ಬಂದರೆ ಬಿಸಿ ಜಾಗದಲ್ಲಿರುವ ಕೆಪಾಸಿಟರ್‌ಗಳು ನಿರಪರಾಧಿ ಎಂದು ಸಾಬೀತಾಗುವವರೆಗೆ ಅಪರಾಧಿಗಳೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಲಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಳ್ಳು ಜಿಗಿಯುವುದನ್ನು ತೋರಿಸಿ ಪಾಠ ಮುಗಿಸಬೇಡಿ, ಸಾಮರ್ಥ್ಯ, ನಷ್ಟ, ಸೋರಿಕೆ ಮೂರನ್ನೂ ಅಳೆಯಲು ಕಲಿಸಿ. ಅಂಗಡಿ ನಡೆಸುವ ಗೆಳೆಯರಲ್ಲಿ: ಸುಮ್ಮನೆ ಬದಲಿಸುವ ಐಸಿ, ಮಾಸ್ಫೆಟ್‌ಗಳಿಗೆ ಸುರಿಯುವ ಹಣದಲ್ಲಿ ಒಂದು ಟೆಸ್ಟರ್ ಬರುತ್ತದೆ, ಈ ತಿಂಗಳೇ ತರಿಸಿ. ಗಿರಾಕಿಗಳಲ್ಲಿ: ಬೋರ್ಡ್ ಹೋಗಿದೆ ಎಂದಾಗ, ಇಎಸ್‌ಆರ್ ನೋಡಿದಿರಾ ಎಂದು ಒಂದು ಮಾತು ಕೇಳಿ. ಇಲ್ಲ ಎಂಬ ಉತ್ತರ ಬಂದರೆ ಆ ಬೋರ್ಡಿನ ಪರೀಕ್ಷೆ ಇನ್ನೂ ಮುಗಿದಿಲ್ಲ. ಹೊಸದಕ್ಕೆ ದುಡ್ಡು ಕೊಡಬೇಡಿ.